ಒಂದು ಡಾಲರಿನ ಶಾಲೆ

ನಾನು ಪಾಠ ಮಾಡಿದ ಐದು ಶಾಲೆಗಳಲ್ಲಿ ನಾಲ್ಕು ಇದ್ದದ್ದು ಬೇರೆ ಯಾವುದಕ್ಕೂ ಬಾರದ ಜಾಗದಲ್ಲಿ. ಒಂದು ಸ್ಮಶಾನದ ಮಗ್ಗುಲಿಗೆ, ಒಂದು ಕೆರೆ ಅಂಗಳದಲ್ಲಿ, ಒಂದು ಹಳ್ಳ ತುಂಬಿಸಿದ ಮೇಲೆ, ಇನ್ನೊಂದು ಊರಿನ ತಿಪ್ಪೆಗಳಿದ್ದ ಕಡೆ. ದಾನ ಕೊಟ್ಟವರ ಹೆಸರು ಮಾತ್ರ ಬಾಗಿಲ ಪಕ್ಕದ ಕಲ್ಲಿನಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ನಮ್ಮ ಹಿಂದಿ ಮೇಷ್ಟ್ರೊಬ್ಬರು, ‘ನೋಡಿ ಮೇಡಂ, ಜನ ಬ್ರಾಹ್ಮಣನಿಗೆ ಗೊಡ್ಡು ಹಸು ಕೊಡ್ತಾರೆ, ಸರಸ್ವತಿಗೆ ಗೊಡ್ಡು ನೆಲ ಕೊಡ್ತಾರೆ’ ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಮಕ್ಕಳು ಮಾತ್ರ ಆ ನೆಲದಲ್ಲಿ ಕುಂಟಬಿಲ್ಲೆ ಆಡುತ್ತಿದ್ದವು.

ಇದೇ ಮಾತನ್ನು ಸಾವಿರಾರು ಮೈಲಿ ಆಚೆ, ನಯಾಗರ ಜಲಪಾತದ ಊರಿನಲ್ಲಿ, ಒಂದು ತಂತಿಬೇಲಿ ಹಿಡಿದುಕೊಂಡು ನೆನೆಸಿಕೊಳ್ಳುತ್ತೇನೆ ಎಂದು ನಾನು ಎಣಿಸಿರಲಿಲ್ಲ.

2023ರ ಬೇಸಿಗೆ ರಜೆಯಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದೆ. ಸರ್ಕಾರಿ ನೌಕರಳು ಪರದೇಶಕ್ಕೆ ಹೋಗಬೇಕಾದರೆ ತರಬೇಕಾದ ಅನುಮತಿ ಪತ್ರಗಳ ಕಥೆಯನ್ನೇ ಬರೆದರೆ ಒಂದು ಪ್ರಬಂಧವಾದೀತು, ಅದು ಇಲ್ಲಿ ಬೇಡ. ಮಗಳು ಇರುವುದು ನಯಾಗರಕ್ಕೆ ಎರಡು ಗಂಟೆಯ ದಾರಿಯಲ್ಲಿ. ಅಮೆರಿಕಾಕ್ಕೆ ಹೋದ ನಮ್ಮ ಕಡೆಯ ಅಮ್ಮಂದಿರೆಲ್ಲ ನೀಲಿ ಪ್ಲಾಸ್ಟಿಕ್ ಅಂಗಿ ತೊಟ್ಟು, ಕುಂಕುಮ ಕರಗಿಸಿಕೊಂಡು, ಜಲಪಾತದ ಎದುರು ನಿಂತ ಫೋಟೋ ನೀವು ನೋಡಿರುತ್ತೀರಿ. ನನ್ನದೂ ಒಂದು ಇದೆ. ಆದರೆ ಹೊರಡುವ ಹಿಂದಿನ ದಿನ ಮಗಳ ಪಕ್ಕದ ಮನೆಯ ಮುದುಕಿ, ನಿವೃತ್ತ ಶಿಕ್ಷಕಿ, ಕೂಸನ್ನು ನೋಡಲು ಬಂದಾಕೆ, ನಾನೂ ಶಿಕ್ಷಕಿ ಎಂದು ತಿಳಿದು ಅಳಿಯನ ಹತ್ತಿರ ಏನೋ ಹೇಳಿದಳು. ನೀರು ಬೀಳುವುದನ್ನು ಎಲ್ಲರೂ ನೋಡುತ್ತಾರೆ, ಇವರನ್ನು ತೊಂಬತ್ತೊಂಬತ್ತನೆಯ ಬೀದಿಯ ಶಾಲೆ ಇದ್ದ ಜಾಗಕ್ಕೆ ಕರೆದುಕೊಂಡು ಹೋಗು ಎಂದಳಂತೆ. ‘ಅದರ ಹೆಸರು ಲವ್ ಕೆನಾಲ್, ಅತ್ತೆ’ ಎಂದ ಅಳಿಯ. ಪ್ರೇಮ ಕಾಲುವೆ! ನವದಂಪತಿಗಳು ದೋಣಿಯಲ್ಲಿ ಹೋಗುವ ಜಾಗವಿರಬೇಕು, ಈ ವಯಸ್ಸಿನಲ್ಲಿ ನನಗೇಕೆ ಎಂದುಕೊಂಡೆ.

ಲವ್ ಎನ್ನುವುದು ಒಬ್ಬ ಮನುಷ್ಯನ ಹೆಸರು. ವಿಲಿಯಂ ಲವ್ ಎಂಬಾತ 1890ರ ದಶಕದಲ್ಲಿ ಈ ಊರಿಗೆ ಬಂದು, ನಯಾಗರ ನದಿಯ ಮೇಲ್ಭಾಗದಿಂದ ಕೆಳಭಾಗಕ್ಕೆ ಒಂದು ಕಾಲುವೆ ತೋಡಿ, ನೀರು ಧುಮುಕುವ ಕಡೆ ವಿದ್ಯುತ್ ತೆಗೆದು, ಅದರ ಸುತ್ತ ಒಂದು ಆದರ್ಶ ನಗರ ಕಟ್ಟುತ್ತೇನೆ ಎಂದು ಕನಸು ಕಂಡ. ಆಗಿನ ವಿದ್ಯುತ್ತನ್ನು ದೂರಕ್ಕೆ ಸಾಗಿಸಲಾಗುತ್ತಿರಲಿಲ್ಲ. ಕಾರ್ಖಾನೆಗಳೇ ಅದರ ಪಕ್ಕಕ್ಕೆ ಬಂದು ಕೂರಬೇಕಿತ್ತು. ಅಷ್ಟರಲ್ಲಿ 1893ರ ಆರ್ಥಿಕ ಕುಸಿತ ಬಂದು ದುಡ್ಡು ಹಾಕಿದವರು ಕೈಬಿಟ್ಟರು. ಅದೇ ಕಾಲಕ್ಕೆ ದೂರಕ್ಕೆ ಹರಿಯುವ ಬೇರೆ ಬಗೆಯ ವಿದ್ಯುತ್ತೂ ಬಂತು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಹೋದದ್ದು ಆ ಬಗೆಯದೇ. (ಆ ಗಣಿ 2001ರಲ್ಲಿ ಮುಚ್ಚಿದರೂ ಸೈನೈಡಿನಲ್ಲಿ ತೊಳೆದ ಮಣ್ಣಿನ ದಿಬ್ಬಗಳು ಊರಿನ ನಡುವೆಯೇ ಉಳಿದವು. ಗಾಳಿ ಬೀಸಿದಾಗ ಆ ದೂಳು ಮನೆಯೊಳಗೆ ಬರುವುದನ್ನು ಅಲ್ಲಿಯ ಹೆಂಗಸರು ಹೇಳಬೇಕು.) ಲವ್‌ನ ಕಾಲುವೆ ಮಾತ್ರ ಒಂದು ಮೈಲಿಯಷ್ಟು ಉದ್ದವೂ ಆಗದೆ ನಿಂತಿತು. ಹಾಳು ಹೊಂಡದಲ್ಲಿ ನೀರು ನಿಂತು, ಮಕ್ಕಳು ಬೇಸಿಗೆಯಲ್ಲಿ ಈಜಿ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಆಡಿಕೊಂಡಿದ್ದವು.

ಹೊಂಡ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ, ಏನಾದರೂ ತುಂಬಬೇಕು. 1942ರಿಂದ ಹೂಕರ್ ಎಂಬ ರಾಸಾಯನಿಕ ಕಂಪನಿ ತನ್ನ ಕಸವನ್ನು ಇಲ್ಲಿ ತುಂಬತೊಡಗಿತು. ಬಣ್ಣ, ಸುಗಂಧ, ರಬ್ಬರು, ಕೀಟನಾಶಕ ಇವನ್ನೆಲ್ಲ ಮಾಡುವಾಗ ಮಿಕ್ಕ ಚರಟ. ಕಬ್ಬಿಣದ ಡ್ರಮ್ಮುಗಳಲ್ಲಿ ತಂದು ಇಳಿಸುವುದು, ಮೇಲೆ ಜೇಡಿಮಣ್ಣು ಮುಚ್ಚುವುದು. 1953ರ ಹೊತ್ತಿಗೆ ಸುಮಾರು 21,000 ಟನ್ ಆಗಿತ್ತು. ನಮ್ಮಮ್ಮ ಇರುವೆ ಸಾಲಿಗೆ ಉದುರಿಸುತ್ತಿದ್ದ ಗ್ಯಾಮೆಕ್ಸಿನ್ ಪುಡಿಯ ಬಳಗದ್ದು ಅದರಲ್ಲಿ ಸಾವಿರಾರು ಟನ್ ಇತ್ತು. ಜೊತೆಗೆ ಬೆಂಜೀನ್, ಕ್ಲೋರಿನ್ ಬೆರೆತ ದ್ರಾವಕಗಳು, ಚಿಟಿಕೆಯಷ್ಟಿದ್ದರೂ ಕೇಡು ಮಾಡುವ ಡಯಾಕ್ಸಿನ್.

ಆಗ ಯುದ್ಧ ಮುಗಿದ ಕಾಲ. ಊರು ಬೆಳೆಯುತ್ತಿತ್ತು, ಮನೆ ತುಂಬ ಮಕ್ಕಳು, ಶಾಲೆಗೆ ಜಾಗವಿಲ್ಲ. ಊರಿನ ಶಿಕ್ಷಣ ಮಂಡಳಿ ಕಂಪನಿಯನ್ನು ಜಾಗ ಕೇಳಿತು. 1953ರ ಏಪ್ರಿಲಿನಲ್ಲಿ ಕಂಪನಿ ಇಡೀ ಹೊಂಡವನ್ನು ಮಂಡಳಿಗೆ ಬರೆದುಕೊಟ್ಟಿತು. ಬೆಲೆ ಒಂದು ಡಾಲರ್. ಕ್ರಯಪತ್ರದಲ್ಲಿ ಒಂದು ಷರತ್ತೂ ಇತ್ತು. ಈ ನೆಲದಲ್ಲಿ ರಾಸಾಯನಿಕ ಕಸ ತುಂಬಿದೆ ಎಂದು ನಿಮಗೆ ತಿಳಿಸಲಾಗಿದೆ, ಇದರಿಂದ ಯಾರಿಗಾದರೂ ಗಾಯವಾದರೆ, ಸಾವು ಬಂದರೆ, ನಾವು ಹೊಣೆಯಲ್ಲ ಎನ್ನುವ ಅರ್ಥದ್ದು.

ನಾನು ಈ ಷರತ್ತನ್ನು ಎರಡು ಸಲ ಓದಿದೆ. ಮುಂದೆ ಹಲವು ದಶಕ ಕಂಪನಿಯ ಕಡೆಯವರು ‘ನಾವು ಹೇಳಿದ್ದೆವಲ್ಲ’ ಎಂದರು, ಎದುರಿನವರು ‘ಹೇಳಿದ್ದು ಇಷ್ಟೇ, ಅದೂ ನುಣುಚಿಕೊಳ್ಳಲು’ ಎಂದರು. ಎರಡೂ ನಿಜವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಪನಿಯಲ್ಲ, ಅದಕ್ಕೆ ಲಾಭ ಬೇಕಿತ್ತು. ರುಜು ಹಾಕಿದ ಆ ಶಿಕ್ಷಣ ಮಂಡಳಿ. ಅವರು ಮೇಷ್ಟರುಗಳ ಕಡೆಯವರಲ್ಲವೆ! ಓದಿಯೂ ರುಜು ಹಾಕಿದರಲ್ಲ. ಕಟ್ಟಡದ ಪಾಯ ತೋಡುವಾಗ ಡ್ರಮ್ಮುಗಳ ಗುಂಡಿಯೇ ಸಿಕ್ಕಿತು, ವಾಸ್ತುಶಿಲ್ಪಿ ಮಂಡಳಿಗೆ ಬರೆದು ತಿಳಿಸಿದ. ಅವರು ಮಾಡಿದ್ದೇನು ಗೊತ್ತೆ? ಕಟ್ಟಡವನ್ನು ಎಂಬತ್ತು ಅಡಿಯಷ್ಟು ಆಚೆಗೆ ಸರಿಸಿದರು. ಶಿಶುವಿಹಾರದ ಆಟದ ಜಾಗವನ್ನೂ ಸ್ವಲ್ಪ ಸರಿಸಿದರು. 1955ರಲ್ಲಿ ಶಾಲೆ ತೆರೆಯಿತು. ಸುಮಾರು 400 ಮಕ್ಕಳು. ಸುತ್ತ ಮನೆಗಳೂ ಎದ್ದವು. ಮನೆ ಕೊಂಡವರಿಗೆ ಆ ಕ್ರಯಪತ್ರದ ಷರತ್ತನ್ನು ಯಾರೂ ಓದಿ ಹೇಳಲಿಲ್ಲ.

ಆಟದ ಮೈದಾನದಲ್ಲಿ ಆಗಾಗ ಒಂದು ಬಗೆಯ ಕಲ್ಲು ಮೇಲೆ ಬರುತ್ತಿತ್ತು. ನೆಲಕ್ಕೆ ಅಪ್ಪಳಿಸಿದರೆ ಕಿಡಿ ಹಾರಿ ಢಬ್ ಎನ್ನುತ್ತಿತ್ತು, ನಮ್ಮ ಬೆಳ್ಳುಳ್ಳಿ ಪಟಾಕಿಯ ಹಾಗೆ. ರಂಜಕದ ಕಲ್ಲು ಅದು. ಮಕ್ಕಳು ಅದಕ್ಕೆ ಬೆಂಕಿಕಲ್ಲು ಎಂದು ಹೆಸರಿಟ್ಟು, ಜೇಬಿನಲ್ಲಿ ತುಂಬಿಕೊಂಡು ಆಡುತ್ತಿದ್ದರು. ಕೈ ಸುಟ್ಟುಕೊಂಡು ಮನೆಗೆ ಹೋದರೆ ಅಮ್ಮಂದಿರಿಂದ ಬೈಗುಳ.

ಇಷ್ಟು ವರ್ಷ ಸುಮ್ಮನಿದ್ದ ವಿಷ ಮೇಲೆ ಬಂದದ್ದು ಹೇಗೆ ಎನ್ನುವುದನ್ನು ನಾನು ನಮ್ಮ ಬಚ್ಚಲ ತೊಟ್ಟಿಯಿಂದಲೇ ಅರ್ಥ ಮಾಡಿಕೊಂಡೆ. ಹೊಂಡದ ಗೋಡೆ, ತಳ ಎಲ್ಲ ಜೇಡಿಮಣ್ಣು, ನೀರು ಬೇಗ ಇಳಿಯದು. ಮೇಲಿನ ಮುಚ್ಚಳ ಗಟ್ಟಿಯಾಗಿದ್ದಷ್ಟು ಕಾಲ ಸರಿ. ಆದರೆ ಶಾಲೆಗೆಂದು, ರಸ್ತೆಗೆಂದು ಆ ಮುಚ್ಚಳವನ್ನು ಕೆರೆದರು, ಚರಂಡಿ ಕೊಳವೆಗಾಗಿ ಗೋಡೆಯನ್ನು ಕೊರೆದರು. ಮಳೆ, ಹಿಮ ಎಲ್ಲ ಒಳಗಿಳಿದು ತೊಟ್ಟಿ ತುಂಬುತ್ತ ಬಂತು. ಒಳಗೆ ಡ್ರಮ್ಮುಗಳು ತುಕ್ಕು ಹಿಡಿದು ಒಡೆದವು. 1970ರ ದಶಕದಲ್ಲಿ ವರ್ಷವರ್ಷವೂ ಭಾರಿ ಹಿಮ. ತುಂಬಿದ ತೊಟ್ಟಿ ಉಕ್ಕಲೇಬೇಕಲ್ಲ? ಉಕ್ಕಿದ್ದು ಮೇಲ್ಮಣ್ಣಿನಲ್ಲಿ ಹರಿದು ಪಕ್ಕದ ಮನೆಗಳ ನೆಲಮಾಳಿಗೆಗೆ ಇಳಿಯಿತು. ಅಲ್ಲಿಯ ಮನೆಗಳಿಗೆಲ್ಲ ನೆಲಮಾಳಿಗೆ ಇರುತ್ತದೆ, ಬಟ್ಟೆ ಒಗೆಯುವುದು, ಮಕ್ಕಳು ಆಡುವುದು ಅಲ್ಲೇ. ಗೋಡೆಯಲ್ಲಿ ಕಪ್ಪು ಎಣ್ಣೆಯಂಥದು ಜಿನುಗಿತು. ಹಿತ್ತಲ ಗಿಡ ಸುಟ್ಟವು. 1976ರಿಂದ ಊರಿನ ಪತ್ರಿಕೆ ‘ನಯಾಗರ ಗೆಜೆಟ್’ ಇದನ್ನು ಬರೆಯತೊಡಗಿತು.

ಆ ಪತ್ರಿಕೆ ಓದಿದವರಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯೂ ಒಬ್ಬಳು. 1978ರಲ್ಲಿ ಇಪ್ಪತ್ತೇಳು ವರ್ಷ. ಹೈಸ್ಕೂಲು ಓದು. ಗಂಡನಿಗೆ ಕಾರ್ಖಾನೆಯಲ್ಲೇ ಕೆಲಸ. ಹಿಂದಿನ ವರ್ಷ ತಾನೆ ಮಗ ಮೈಕೇಲನನ್ನು ತೊಂಬತ್ತೊಂಬತ್ತನೆಯ ಬೀದಿಯ ಶಾಲೆಗೆ ಹಾಕಿದ್ದಳು. ಸೇರಿದ ಕೆಲವು ತಿಂಗಳಿಗೇ ಹುಡುಗನಿಗೆ ಮೂರ್ಛೆರೋಗ ಬಂತು. ಪತ್ರಿಕೆಯಲ್ಲಿ ರಾಸಾಯನಿಕಗಳ ಹೆಸರು, ಅವು ಮಾಡುವ ಕೇಡು ಓದುತ್ತ ಓದುತ್ತ, ಅಯ್ಯೋ, ಇದು ನನ್ನ ಮಗನ ಶಾಲೆಯ ಕೆಳಗಿದೆ ಎಂದು ಆಕೆಗೆ ತಿಳಿಯಿತು. ಇಬ್ಬರು ವೈದ್ಯರಿಂದ ಚೀಟಿ ತಂದು, ಮಗನನ್ನು ಬೇರೆ ಶಾಲೆಗೆ ವರ್ಗಾಯಿಸಿ ಎಂದು ಶಾಲಾ ಅಧಿಕಾರಿಯನ್ನು ಕೇಳಿದಳು. ಆತ ಒಪ್ಪಲಿಲ್ಲ. ಆತನ ತರ್ಕ ಇದು: ಈ ಶಾಲೆ ನಿನ್ನ ಮಗನಿಗೆ ಕೇಡು ಎಂದು ಒಪ್ಪಿದರೆ ಉಳಿದ 400 ಮಕ್ಕಳಿಗೂ ಕೇಡು ಎಂದು ಒಪ್ಪಿದಂತಾಯಿತು, ಒಬ್ಬ ತಾಯಿಯ ಮಾತಿಗೆ ಶಾಲೆ ಮುಚ್ಚಲಾದೀತೆ?

ಇದನ್ನು ನಾನು ಓದಿದ್ದು ನಯಾಗರದಿಂದ ಬಂದ ಮೇಲೆ, ಗಿಬ್ಸ್ 1982ರಲ್ಲಿ ಪ್ರಕಟಿಸಿದ ‘ಲವ್ ಕೆನಾಲ್: ಮೈ ಸ್ಟೋರಿ’ ಎಂಬ ಪುಸ್ತಕವನ್ನು ಅಳಿಯ ಗ್ರಂಥಾಲಯದಿಂದ ತಂದುಕೊಟ್ಟಾಗ. ರಾತ್ರಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಓದುತ್ತಿದ್ದೆ. ಈ ಪುಟಕ್ಕೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಆ ಅಧಿಕಾರಿಯ ಮಾತು ನನಗೆ ಹೊಸದಾಗಿರಲಿಲ್ಲ. ಅದನ್ನು ನಾನೇ ಒಮ್ಮೆ ಆಡಿದ್ದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನು ಆಗ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಹೆಡ್‌ಮಾಸ್ತರರು ವರ್ಗವಾಗಿ ಹೋಗಿ, ಪ್ರಭಾರ ನನ್ನ ತಲೆಗೆ ಬಂದಿತ್ತು. ಶಾಲೆಯ ಹಿಂದೆ ಒಂದು ಸಣ್ಣ ಕಾರ್ಖಾನೆ. ಅವರು ತಮ್ಮ ಕೊಳೆನೀರನ್ನು ಕಾಂಪೌಂಡಿನೊಳಗಿನ ಹಳೆಯ ತೆರೆದ ಬಾವಿಗೆ ಬಿಡುತ್ತಾರೆ ಎಂದು ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಶಾಲೆಗೆ ಇದ್ದದ್ದು ಒಂದೇ ಬೋರ್‌ವೆಲ್. ಬಿಸಿಯೂಟ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ, ಅನ್ನ ಸಾರು ಎರಡೂ ಅದರ ನೀರಿನಲ್ಲೇ. ಅನ್ನ ಸ್ವಲ್ಪ ಹಳದಿ ಬರುತ್ತಿತ್ತು. ಅಡುಗೆಯವರು ‘ಅಕ್ಕಿ ಅಂಥದ್ದು’ ಎನ್ನುತ್ತಿದ್ದರು, ನಾನೂ ನಂಬಿದ್ದೆ. ನಂಬಿದ್ದೆ ಎಂದರೆ ಏನು, ನಂಬುವುದು ಅನುಕೂಲವಾಗಿತ್ತು.

ಐದನೆಯ ತರಗತಿಯ ಒಂದು ಹುಡುಗಿಯ ತಾಯಿ ಒಂದು ದಿನ ಬಂದಳು. ಹೂ ಕಟ್ಟಿ ಮಾರುವ ಹೆಂಗಸು. ಮಗುವಿಗೆ ಮೈಯೆಲ್ಲ ಕೆರೆತ, ಬಾಯಿ ಹುಣ್ಣು, ರಜೆಯಲ್ಲಿ ಅಜ್ಜಿ ಮನೆಗೆ ಹೋದರೆ ವಾಸಿಯಾಗುತ್ತದೆ, ಶಾಲೆ ಶುರುವಾದರೆ ಮತ್ತೆ ಬರುತ್ತದೆ ಎಂದಳು. ಕೈಚೀಲದಿಂದ ಒಂದು ಗಾಜಿನ ಬಾಟ್ಲಿ ತೆಗೆದು ನನ್ನ ಮೇಜಿನ ಮೇಲಿಟ್ಟಳು, ನಮ್ಮದೇ ಬೋರಿನ ನೀರು. ‘ಮೇಡಮ್ಮೋರೆ, ಇದ್ನ ಎಲ್ಲೋ ಟೆಸ್ಟ್ ಮಾಡ್ತಾರಂತಲ್ಲ, ನೀವೊಂದು ಅರ್ಜಿ ಬರ್ದುಕೊಡಿ. ರುಜು ನಾನೇ ಹಾಕ್ತೀನಿ. ಸ್ಕೂಲಿನ ಸೀಲೊಂದು ಒತ್ತಿದ್ರೆ ಅವ್ರು ತಗೋತಾರಂತೆ’ ಎಂದಳು.

ನಾನು ಏನೆಂದೆ? ‘ನೋಡಮ್ಮ, ನೀರು ಕೆಟ್ಟಿದೆ ಅಂತ ಸ್ಕೂಲಿನ ಸೀಲು ಹಾಕಿ ಕೊಟ್ರೆ ನಾಳೆನೇ ಬಿಸಿಯೂಟ ನಿಲ್ಲಿಸ್ಬೇಕು. ಇನ್ನೂರೈವತ್ತು ಮಕ್ಕಳು. ನಿನ್ ಮಗಳು ಒಬ್ಬಳಿಗೋಸ್ಕರ ಸ್ಕೂಲ್ ಮುಚ್ಚೋಕಾಗುತ್ತಾ?’ ಎಂದೆ. ಬೇಕಾದರೆ ಮನೆಯಿಂದ ನೀರು ಕಳಿಸು ಎಂದೂ ಹೇಳಿದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ. ಅವಳು ವಾದ ಮಾಡಲಿಲ್ಲ. ಬಾಟ್ಲಿಯನ್ನು ಅಲ್ಲೇ ಬಿಟ್ಟು ಹೋದಳು. ಅದು ನಮ್ಮ ಸ್ಟಾಫ್ ರೂಮಿನ ಕಿಟಕಿಯಲ್ಲಿ ಬಹಳ ದಿನ ಇತ್ತು. ತಳದಲ್ಲಿ ಕಂದು ಬಣ್ಣದ ಗಸಿ ಇಳಿದು, ಮೇಲೆ ತೆಳ್ಳಗೆ ಎಣ್ಣೆಯಂಥ ಪದರ ನಿಂತಿತ್ತು. ಒಂದು ದಿನ ಆಯಾ ಕೆಲಸ ಮಾಡುವಾಗ ಬಿಸಾಡಿದಳು. ನಾನು ಬಿಸಾಡಬೇಡ ಎನ್ನಲಿಲ್ಲ.

ಗಿಬ್ಸ್ ಮಾತ್ರ ಬಾಟ್ಲಿ ಬಿಟ್ಟು ಮನೆಗೆ ಹೋಗಿ ಕೂರಲಿಲ್ಲ. ಮನೆಮನೆಗೆ ಹೋಗಿ ಸಹಿ ಕೇಳತೊಡಗಿದಳು. ಮೊದಲ ದಿನ ಒಂದು ಬಾಗಿಲು ತಟ್ಟಿ, ಯಾರೂ ಬರದಿದ್ದಾಗ ಹೆದರಿ ಮನೆಗೆ ಓಡಿಬಂದಳಂತೆ. ನನಗೆ ಆಕೆ ಇಷ್ಟವಾದದ್ದು ಅಲ್ಲೇ. ಮರುದಿನ ಮತ್ತೆ ಹೋದಳು. ಪ್ರತಿ ಮನೆಯಲ್ಲೂ ಒಂದು ಕಥೆ: ಗರ್ಭಪಾತ, ಸತ್ತು ಹುಟ್ಟಿದ ಕೂಸು, ಕಿವಿ ಕೇಳದ ಮಗು. ತಮ್ಮ ಮನೆಯ ದುಃಖ ತಮ್ಮ ಹಣೆಬರಹ ಎಂದುಕೊಂಡಿದ್ದವರಿಗೆ ಅದು ಬೀದಿಯ ದುಃಖ ಎಂದು ತಿಳಿದದ್ದು ಈ ಬಾಗಿಲು ತಟ್ಟುವುದರಿಂದ.

1978ರ ಆಗಸ್ಟ್ 2ರಂದು ರಾಜ್ಯದ ಆರೋಗ್ಯ ಆಯುಕ್ತ ತುರ್ತುಸ್ಥಿತಿ ಸಾರಿದ. ಶಾಲೆ ಮುಚ್ಚಬೇಕು, ಕಾಲುವೆಗೆ ತಾಗಿದ ಮನೆಗಳ ಬಸುರಿಯರು ಮತ್ತು ಎರಡು ವರ್ಷದೊಳಗಿನ ಮಕ್ಕಳು ಹೊರಟುಹೋಗಬೇಕು. ಬಸುರಿ ಹೋಗಬೇಕು, ಮೂರು ವರ್ಷದ ಮಗು ಇರಬಹುದಂತೆ! ಹೆಂಗಸರು ರೇಗಿದ್ದರಲ್ಲಿ ಆಶ್ಚರ್ಯವೇನು? ಐದು ದಿನದಲ್ಲಿ ಅಧ್ಯಕ್ಷ ಕಾರ್ಟರ್ ಕೂಡ ತುರ್ತುಸ್ಥಿತಿ ಘೋಷಿಸಿದರು. ಹತ್ತಿರದ ಎರಡು ಸಾಲಿನ 239 ಕುಟುಂಬಗಳ ಮನೆಗಳನ್ನು ಸರ್ಕಾರ ಕೊಂಡಿತು. ಸುತ್ತ ಬೇಲಿ ಹಾಕಿತು. ಬೇಲಿಯ ಆಚೆಗಿದ್ದ ಏಳುನೂರಕ್ಕೂ ಹೆಚ್ಚು ಕುಟುಂಬಗಳಿಗೆ, ನಿಮಗೇನೂ ಇಲ್ಲ ಎಂದಿತು. ಗಿಬ್ಸ್‌ಳ ಮನೆ ಇದ್ದದ್ದು ಬೇಲಿಯ ಆಚೆ.

ಈಗ ಆಕೆ ಊರಿನ ನಕ್ಷೆ ಹಿಡಿದು ಕೂತಳು. ಹೆಂಗಸರು ಫೋನಿನಲ್ಲಿ ಒಬ್ಬೊಬ್ಬರನ್ನೇ ಕೇಳಿ, ಯಾವ ಮನೆಯಲ್ಲಿ ಯಾವ ಕಾಯಿಲೆ ಎಂದು ಗುರುತು ಹಾಕಿದರು. ಗುರುತುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ, ಗೆರೆ ಗೆರೆಯಾಗಿ ಬಂದವು. ಹಳಬರನ್ನು ಕೇಳಿದರೆ, ಅಲ್ಲೆಲ್ಲ ಹಿಂದೆ ಹಳ್ಳವಿತ್ತು, ಮುಚ್ಚಿ ಮನೆ ಕಟ್ಟಿದರು ಎಂದರು. ಮುಚ್ಚಿದ ಹಳ್ಳವೂ ತನ್ನ ದಾರಿಯನ್ನು ಮರೆಯುವುದಿಲ್ಲ, ನಮ್ಮೂರ ಕೆರೆ ಅಂಗಳದ ಬಡಾವಣೆಗೆ ಪ್ರತಿ ಮಳೆಗಾಲ ನೀರು ನುಗ್ಗುವುದು ಇನ್ನೇಕೆ? ಬೆವರ್ಲಿ ಪೈಗನ್ ಎಂಬ ಕ್ಯಾನ್ಸರ್ ಸಂಶೋಧಕಿ ಈ ಹೆಂಗಸರ ಜೊತೆ ನಿಂತು ಲೆಕ್ಕವನ್ನು ಒಪ್ಪ ಮಾಡಿದಳು. 1974ರಿಂದ 1978ರ ನಡುವೆ ಅಲ್ಲಿ ಹುಟ್ಟಿದ 16 ಮಕ್ಕಳಲ್ಲಿ 9 ಮಕ್ಕಳಿಗೆ ಹುಟ್ಟು ನ್ಯೂನತೆ ಎಂದು ಅವರ ಲೆಕ್ಕ ಹೇಳಿತು. ಆರೋಗ್ಯ ಇಲಾಖೆಯವರು ಇದನ್ನು ಕೆಲಸಕ್ಕೆ ಬಾರದ ಗೃಹಿಣಿಯರ ಲೆಕ್ಕ ಎಂದು ತಳ್ಳಿದರು. ಹಾಲಿನವನ ಲೆಕ್ಕ, ಚೀಟಿಯ ಲೆಕ್ಕ, ಮುಟ್ಟಿನ ಲೆಕ್ಕ ಒಂದು ದಿನ ತಪ್ಪದೆ ಇಟ್ಟವರು ನಾವು. ಗೃಹಿಣಿಯರ ಲೆಕ್ಕ ಎಂದರೆ ಅವರಿಗೆ ಗೊತ್ತಿಲ್ಲ, ಬಿಡಿ.

ಆದರೆ 1979ರ ಫೆಬ್ರವರಿಯಲ್ಲಿ ಅದೇ ಇಲಾಖೆ ಬೇಲಿಯಾಚೆಯ ಬಸುರಿಯರನ್ನೂ ಎಳೆಮಕ್ಕಳನ್ನೂ ಹೊರಡಿ ಎಂದಿತು. 1980ರ ಮೇ ತಿಂಗಳಲ್ಲಿ ಕೇಂದ್ರದ ಪರಿಸರ ಸಂಸ್ಥೆ, ಕೆಲವು ನಿವಾಸಿಗಳ ವರ್ಣತಂತುಗಳಲ್ಲಿ ದೋಷವಿದೆ ಎಂಬ ವರದಿಯನ್ನು ಹೊರಗೆ ಬಿಟ್ಟಿತು. ಹೋಲಿಸಿ ನೋಡಲು ಬೇರೆ ಊರಿನವರ ರಕ್ತವನ್ನೇ ಪರೀಕ್ಷಿಸದ ಕಚ್ಚಾ ವರದಿ ಅದು, ವಿಜ್ಞಾನಿಗಳು ಟೀಕಿಸಿದ್ದು ಸರಿಯೇ. ಆದರೆ ಎರಡು ವರ್ಷ ಏನೂ ಇಲ್ಲ ಎಂದು ಹೇಳಿಸಿಕೊಂಡು ಬಂದ ತಾಯಂದಿರಿಗೆ ಇಂಥ ಸುದ್ದಿ ಕೊಟ್ಟರೆ ಏನಾದೀತು? ಮೇ 19ರಂದು ಆ ಸಂಸ್ಥೆಯ ಇಬ್ಬರು ಅಧಿಕಾರಿಗಳನ್ನು ಸಂಘದ ಕಚೇರಿಯಾಗಿದ್ದ ಮನೆಯಲ್ಲೇ ಸುಮಾರು ಐದು ಗಂಟೆ ಕೂರಿಸಿಕೊಂಡರು, ಹೊರಗೆ ನೂರಾರು ಜನ. ಒತ್ತೆಯಾಳುಗಳಿಗೆ ಮನೆಯಲ್ಲಿ ಮಾಡಿದ ಓಟ್ಸ್ ಬಿಸ್ಕತ್ತು ಕೊಟ್ಟರಂತೆ. ಹೆಂಗಸರು ಹೂಡಿದ ದಂಗೆ ಎಂದರೆ ಹಾಗೆ, ಹಸಿದು ಕೂತವನನ್ನು ನೋಡಲಾಗುವುದಿಲ್ಲ! ಎರಡು ದಿನದಲ್ಲಿ ಕಾರ್ಟರ್ ಎರಡನೆಯ ಘೋಷಣೆ ಮಾಡಿದರು. ಅದೇ ಅಕ್ಟೋಬರಿನಲ್ಲಿ ಉಳಿದ ಮನೆಗಳನ್ನೂ ಕೊಳ್ಳಲು ಹಣ ಒದಗಿತು.

ಆದರೆ ಈ ಕಥೆಯಲ್ಲಿ ಒಂದು ಮೂಲೆ ಇದೆ, ಯಾರೂ ಅಷ್ಟು ಹೇಳುವುದಿಲ್ಲ. ಕಾಲುವೆಯ ಪಕ್ಕದಲ್ಲೇ ಗ್ರಿಫನ್ ಮ್ಯಾನರ್ ಎಂಬ ಸರ್ಕಾರಿ ಬಾಡಿಗೆ ವಸತಿ ಇತ್ತು. ಅಲ್ಲಿದ್ದವರು ಹೆಚ್ಚಾಗಿ ಕಪ್ಪು ಜನ. ಅವರಿಗೆ ಕೊಳ್ಳಲು ಮನೆಯೇ ಇರಲಿಲ್ಲವಾಗಿ ಪರಿಹಾರದ ಮಾತು ಅವರ ತನಕ ಸರಿಯಾಗಿ ಬರಲಿಲ್ಲ. ಅವರು ತಮ್ಮದೇ ಬಾಡಿಗೆದಾರರ ಸಂಘ ಕಟ್ಟಿಕೊಂಡು ಹೋರಾಡಬೇಕಾಯಿತು. ನಮ್ಮಲ್ಲಿ ಅಣೆಕಟ್ಟೆಯ ಮುಳುಗಡೆಯಲ್ಲಿ ಹೊಲವಿದ್ದವನಿಗೆ ಹಣ, ಕೂಲಿಯವನಿಗೆ ಕೈಬೀಸು ಆದ ಹಾಗೆ. ವಿಷಕ್ಕೆ ಪಟ್ಟಾ ಯಾರ ಹೆಸರಿನಲ್ಲಿದೆ ಎಂದು ತಿಳಿಯುವುದಿಲ್ಲ, ಪರಿಹಾರಕ್ಕೆ ತಿಳಿಯುತ್ತದೆ.

ಆ ಡಿಸೆಂಬರ್ 11ರಂದು ಕಾರ್ಟರ್ ರುಜು ಹಾಕಿದ ಕಾನೂನಿಗೆ ಜನ ‘ಸೂಪರ್‌ಫಂಡ್’ ಎನ್ನುತ್ತಾರೆ. ಎಣ್ಣೆ ಮತ್ತು ರಾಸಾಯನಿಕ ಉದ್ಯಮದ ಮೇಲೆ ತೆರಿಗೆ ಹಾಕಿ, ಐದು ವರ್ಷಕ್ಕೆ 160 ಕೋಟಿ ಡಾಲರ್ ಕೂಡಿಸಿ, ದೇಶದಲ್ಲಿ ಎಲ್ಲೆಲ್ಲಿ ಇಂಥ ನೆಲವಿದೆಯೋ ಅಲ್ಲಿ ಶುದ್ಧ ಮಾಡುವುದು, ಕೆಡಿಸಿದವರನ್ನು ಹುಡುಕಿ ಖರ್ಚು ವಸೂಲು ಮಾಡುವುದು ಅದರ ಸಾರ. ಹೂಕರನ್ನು ಕೊಂಡಿದ್ದ ಆಕ್ಸಿಡೆಂಟಲ್ ಕಂಪನಿ 1994ರಲ್ಲಿ ರಾಜ್ಯಕ್ಕೆ 9 ಕೋಟಿ 80 ಲಕ್ಷ ಡಾಲರ್, ಮರುವರ್ಷ ಕೇಂದ್ರಕ್ಕೆ 12 ಕೋಟಿ 90 ಲಕ್ಷ ಡಾಲರ್ ಕೊಡಲು ಒಪ್ಪಿತು.

ಶುದ್ಧ ಮಾಡಿದರು ಎಂದರೆ ವಿಷವನ್ನು ತೆಗೆದರು ಎಂದು ನಾನು ತಿಳಿದಿದ್ದೆ. ಬೇಲಿಯ ಬಳಿ ನಿಂತು ಅಳಿಯನನ್ನು ‘ಎಲ್ಲಿಗೆ ಸಾಗಿಸಿದರು?’ ಎಂದು ಕೇಳಿದೆ. ‘ಎಲ್ಲಿಗೂ ಇಲ್ಲ ಅತ್ತೆ, ಇಲ್ಲೇ ಇದೆ, ನಮ್ಮೆದುರಿಗೆ’ ಎಂದ. ಎದುರಿಗೆ ಇದ್ದದ್ದು ಹುಲ್ಲು. ಅಗಲವಾದ, ಚೆನ್ನಾಗಿ ಕತ್ತರಿಸಿದ, ಎಳೆ ಹಸಿರು ಹುಲ್ಲು, ಸ್ವಲ್ಪ ದಿಬ್ಬದಂತೆ ಉಬ್ಬಿದ ನೆಲ. ಒಂದು ಮರವಿಲ್ಲ. ಮರ ಬೆಳೆದರೆ ಬೇರು ಕೆಳಗಿಳಿದು ಮುಚ್ಚಳ ಸೀಳುತ್ತದಲ್ಲ. ಅಲ್ಲಲ್ಲಿ ಮೊಣಕಾಲೆತ್ತರದ ಕೊಳವೆಗಳು ನೆಲದಿಂದ ಎದ್ದಿದ್ದವು, ಬೀಗ ಹಾಕಿದ ಮುಚ್ಚಳಗಳು. ಅಂತರ್ಜಲವನ್ನು ಪರೀಕ್ಷಿಸುವ ಬಾವಿಗಳಂತೆ.

ಅಷ್ಟೂ ಡ್ರಮ್ಮುಗಳನ್ನು ಅಗೆದು ತೆಗೆದರೆ ಅಗೆಯುವವರಿಗೂ ಊರಿಗೂ ಕೇಡು, ತೆಗೆದದ್ದನ್ನು ಇಡುವುದಾದರೂ ಎಲ್ಲಿ? ಆದ್ದರಿಂದ ಕಟ್ಟಿಹಾಕುವ ದಾರಿ ಹಿಡಿದರು. 1978ರ ಕೊನೆಗೆ ಕೆಲಸ ಶುರುವಾಯಿತು. ಅಗೆತದಲ್ಲಿ ಏನಾದರೂ ಆದರೆ ಜನರನ್ನು ಸಾಗಿಸಲೆಂದು ಬೀದಿಯಲ್ಲಿ ಬಸ್ಸುಗಳನ್ನು ಸಿದ್ಧವಾಗಿ ನಿಲ್ಲಿಸಿರುತ್ತಿದ್ದರಂತೆ. ಕಾಲುವೆಯ ಸುತ್ತ ಆಳವಾದ ಕಂದಕ ತೋಡಿ, ತೂತುಗಳಿರುವ ಕೊಳವೆ ಹೂತರು. ಉಕ್ಕಿ ಹೊರಗೆ ಹೋಗುವ ನೀರು ಈ ಕೊಳವೆಗಿಳಿದು ಒಂದು ಕಡೆ ಕೂಡುತ್ತದೆ. ಅಲ್ಲಿಂದ ಅದನ್ನು ಎತ್ತಿ ಇದ್ದಿಲಿನ ಮೂಲಕ ಸೋಸುತ್ತಾರೆ. ನಮ್ಮ ಮನೆಯ ಫಿಲ್ಟರಿನೊಳಗೆ ಇರುತ್ತದಲ್ಲ, ಅದೇ ಬಗೆಯ ಇದ್ದಿಲು. ವಿಷವನ್ನು ಅದು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಸೋಸಿದ ನೀರು ಊರಿನ ಒಳಚರಂಡಿಗೆ. ಮೇಲಿನಿಂದ ಮಳೆ ಇಳಿಯದಂತೆ ಜೇಡಿಮಣ್ಣಿನ ಮುಚ್ಚಳ ಹಾಕಿದರು, ಅದು ಸಾಲದೆ 1980ರ ದಶಕದ ಮಧ್ಯದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣು ಹೊದಿಸಿ, 40 ಎಕರೆಗೆ ಹಿಗ್ಗಿಸಿದರು. ಮೊದಲ ಸಾಲುಗಳ ಮನೆಗಳನ್ನು ಕೆಡವಿ ಅವುಗಳ ನೆಲಮಾಳಿಗೆಯಲ್ಲೇ ಹೂತರು. ಶಾಲೆಯನ್ನೂ ಕೆಡವಿದರು. ಚರಂಡಿಗಳಲ್ಲಿ, ಪಕ್ಕದ ಹಳ್ಳಗಳಲ್ಲಿ ಇಳಿದಿದ್ದ ಹೂಳನ್ನು ಬಾಚಿ ತೆಗೆದು, ವರ್ಷಗಟ್ಟಲೆ ಕಾದಿಟ್ಟು, ಕೊನೆಗೆ ಬೇರೆಡೆಗೆ ಕಳಿಸಿದರು.

ಸೋಸುವ ಕೆಲಸ ಮಾತ್ರ ಮುಗಿಯುವಂಥದಲ್ಲ. ವರ್ಷಕ್ಕೆ ಲಕ್ಷಾಂತರ ಗ್ಯಾಲನ್ ಕೊಳೆನೀರು ಈಗಲೂ ಬರುತ್ತದೆ, ಸೋಸುತ್ತಲೇ ಇರಬೇಕು. 2004ರಲ್ಲಿ ಈ ಜಾಗವನ್ನು ಅಪಾಯದ ಪಟ್ಟಿಯಿಂದ ತೆಗೆದರು. ಅದಕ್ಕೂ ಮುಂಚೆ, 1990ರಿಂದಲೇ, ಬೇಲಿಯ ಉತ್ತರಕ್ಕಿದ್ದ ಇನ್ನೂರಕ್ಕೂ ಹೆಚ್ಚು ಮನೆಗಳನ್ನು ದುರಸ್ತಿ ಮಾಡಿ, ಬಡಾವಣೆಗೆ ಬೇರೆ ಹೆಸರಿಟ್ಟು, ಅಗ್ಗದ ಬೆಲೆಗೆ ಮತ್ತೆ ಮಾರಿದರು. 2010ರ ದಶಕದಲ್ಲಿ ಅಲ್ಲಿಯ ಹೊಸ ನಿವಾಸಿಗಳೂ ತಮ್ಮ ಮಕ್ಕಳಿಗೆ ಕಾಯಿಲೆ ಎಂದು ನ್ಯಾಯಾಲಯಕ್ಕೆ ಹೋದರು. ಕಾರು ತಿರುಗಿಸುವಾಗ ಒಂದು ಹಿತ್ತಲಿನಲ್ಲಿ ಉಯ್ಯಾಲೆ ಕಂಡಿತು. ಮಗಳು ಕೂಸಿನ ಕಾಲನ್ನು ಕಂಬಳಿಯೊಳಗೆ ಮುಚ್ಚಿದಳು. ಚಳಿಗೋ ಏನೋ, ನಾನು ಕೇಳಲಿಲ್ಲ.

ಗಿಬ್ಸ್ ಆಮೇಲೆ ಗಂಡನಿಂದ ಬೇರೆಯಾಗಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ರಾಜಧಾನಿಯ ಕಡೆಗೆ ಹೋಗಿ, ಇಂಥ ಬೇರೆ ಊರಿನವರಿಗೆ ನೆರವಾಗುವ ಸಂಸ್ಥೆ ಕಟ್ಟಿದಳು. 1990ರಲ್ಲಿ ಆಕೆಗೆ ಬಂದ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ 2004ರಲ್ಲಿ ನಮ್ಮ ಭೋಪಾಲದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಅವರಿಗೂ ಬಂತು. ಅವರೂ ಮನೆಯಿಂದ ಹೊರಗೆ ಬಂದ ಹೆಂಗಸರೇ. 1984ರ ಆ ಡಿಸೆಂಬರ್ ರಾತ್ರಿಯ ಅನಿಲವನ್ನು ಎಲ್ಲರೂ ಬಲ್ಲರು. ಆದರೆ ಆ ಕಾರ್ಖಾನೆಯ ಅಂಗಳದಲ್ಲಿ ಅದಕ್ಕೂ ಮೊದಲಿನಿಂದ ಹೂತ ಕಸ ಸುತ್ತಲಿನ ಬಡಾವಣೆಗಳ ಬೋರಿನ ನೀರಿಗೆ ಇಳಿದದ್ದನ್ನು ಕಡಿಮೆ ಜನ ಬಲ್ಲರು. ಅಲ್ಲಿ ಕೂಡಿಟ್ಟಿದ್ದ 337 ಟನ್ ಕಸ 2025ರ ಜನವರಿಯಲ್ಲಿ ಲಾರಿಯೇರಿ ಪೀಥಂಪುರಕ್ಕೆ ಹೋಗಿ ಆ ವರ್ಷವೇ ಸುಟ್ಟುಹೋಯಿತು. ನಲವತ್ತು ವರ್ಷವಾದ ಮೇಲೆ! ಮಣ್ಣಿನಲ್ಲಿ, ಅಂತರ್ಜಲದಲ್ಲಿ ಉಳಿದದ್ದು ಆ ಲೆಕ್ಕಕ್ಕೆ ಸೇರಿಲ್ಲ.

ಊರಿಗೆ ಬಂದ ಮೇಲೆ ಒಂದು ಶನಿವಾರ ಆ ಹಳೆಯ ಶಾಲೆಗೆ ಹೋದೆ. ನಾನು ವರ್ಗವಾಗಿ ಹೋದ ಮೂರನೆಯ ವರ್ಷಕ್ಕೆ ಯಾರೋ ನೀರನ್ನು ಪರೀಕ್ಷೆಗೆ ಕಳಿಸಿ, ಬೋರ್‌ವೆಲ್ಲಿಗೆ ಕೆಂಪು ಬಣ್ಣ ಬಳಿದು, ಆಮೇಲೆ ಮೋಟಾರು ಬಿಚ್ಚಿ, ಬಾಯಿಗೆ ಚಪ್ಪಡಿ ಹಾಕಿ ಸಿಮೆಂಟು ಮೆತ್ತಿದ್ದಾರೆ. ಕಾರ್ಖಾನೆ ಈಗಿಲ್ಲ. ಆ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದೆ. ಬಾವಿಯನ್ನು ಏನು ಮಾಡಿದರು ಎಂದು ಕೇಳಿದೆ, ‘ಮುಚ್ಚಿರ್ತಾರೆ ಬಿಡಿ ಮೇಡಂ’ ಎಂದರು ಈಗಿನ ಮುಖ್ಯೋಪಾಧ್ಯಾಯರು. ಶಾಲೆಗೆ ನದಿನೀರಿನ ನಲ್ಲಿ ಬಂದಿದೆ. ಚಪ್ಪಡಿಯ ಮೇಲೆ ಮಕ್ಕಳು ಬುತ್ತಿ ಇಟ್ಟುಕೊಂಡು ಕೂತಿದ್ದವು.

ದಾಖಲಾತಿ ಪುಸ್ತಕ ನೋಡಬೇಕಿತ್ತು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ಬೀರುವಿನಿಂದ ತೆಗೆದುಕೊಟ್ಟರು. ಹುಡುಗಿಯ ಹೆಸರು ಸಿಕ್ಕಿತು. ಅರ್ಜಿಯ ಮಾತಾದ ಎರಡು ತಿಂಗಳಿಗೆ ಟಿ.ಸಿ. ತೆಗೆದುಕೊಂಡು ಹೋಗಿದ್ದಾರೆ, ಅಜ್ಜಿಯ ಊರಿಗಿರಬೇಕು. ಐದನೆಯ ತರಗತಿ ಪೂರ್ತಿಯಾಗಿಲ್ಲ. ಕೊನೆಯ ಕಾಲಮ್ಮಿನಲ್ಲಿ ಶಾಲೆ ಬಿಟ್ಟ ಕಾರಣ ಬರೆಯಬೇಕು. ಅಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ, ‘ಪೋಷಕರ ಕೋರಿಕೆಯ ಮೇರೆಗೆ’ ಎಂದಿತ್ತು. ಪಕ್ಕದಲ್ಲಿ ಶಾಲೆಯ ಸೀಲು.